ಕಣ್ಣನ್ನು ಅಳೆದು ಕಟ್ಟುವ ಕಿಣ್ವಗಳು



ಕಣ್ಣನ್ನು ಕ್ಯಾಮೆರಾಕ್ಕೆ ಹೋಲಿಸುವ ಪಾಠವನ್ನು ನೀವೆಲ್ಲ ಓದಿದ್ದೀರಿ. ಮುಂದೆ ಮಸೂರ, ಹಿಂದೆ ಬಿಂಬ ಬೀಳುವ ತೆರೆ. ಟೆಲಿವಿಷನ್ ಕೆಲಸದಲ್ಲಿರುವ ನಮಗೂ ಈ ಹೋಲಿಕೆ ಇಷ್ಟವಾದದ್ದೇ. ಆದರೆ ಒಂದು ಜಾಗದಲ್ಲಿ ಅದು ಕೈಕೊಡುತ್ತದೆ. ಕ್ಯಾಮೆರಾವನ್ನು ಕಾರ್ಖಾನೆಯಲ್ಲಿ ಯಾರೋ ಕುಳಿತು ಜೋಡಿಸುತ್ತಾರೆ. ನಕ್ಷೆ ಮೇಜಿನ ಮೇಲಿರುತ್ತದೆ, ಬಿಡಿಭಾಗಗಳು ಪಕ್ಕದಲ್ಲಿರುತ್ತವೆ, ತಪ್ಪಾದರೆ ತಿದ್ದಲು ಮೇಲ್ವಿಚಾರಕರಿರುತ್ತಾರೆ. ಕಣ್ಣಾದರೋ ತಾಯಿಯ ಗರ್ಭದ ಕತ್ತಲಲ್ಲಿ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಅಲ್ಲಿ ಕೋಶಗಳಿಗೆ 'ನೀನು ಇಲ್ಲಿ ಕೂರು, ನೀನು ಬಣ್ಣ ನೋಡು, ನೀನು ಕತ್ತಲಲ್ಲಿ ಕೆಲಸ ಮಾಡು' ಎಂದು ಹೇಳುವವರು ಯಾರು?

ಈ ಪ್ರಶ್ನೆಗೆ ವಿಜ್ಞಾನಿಗಳು ಕಂಡುಕೊಂಡ ಉತ್ತರದ ಒಂದು ಮುಖ್ಯ ಭಾಗ ಕಿಣ್ವಗಳಲ್ಲಿದೆ. ಕಾರ್ಯಕ್ರಮವನ್ನು ನೋಡುವ ಮೊದಲು ಓದಿದರೂ ಸರಿ, ನೋಡಿದ ಮೇಲೆ ಓದಿದರೂ ಸರಿ, ಆ ಉತ್ತರವನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಒಂದೇ ತಾಯಿಯ ಮಕ್ಕಳು

ಕಣ್ಣಿನ ಹಿಂಭಾಗದಲ್ಲಿ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ಪೊರೆಯೇ ಅಕ್ಷಿಪಟಲ. ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್. ಅಷ್ಟರೊಳಗೇ ಹಲವು ಬಗೆಯ ನರಕೋಶಗಳು ಪದರ ಪದರವಾಗಿ ಕುಳಿತಿವೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ದಂಡಕೋಶಗಳು ಸುಮಾರು 9ರಿಂದ 12 ಕೋಟಿ. ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಗುರುತಿಸುವ ಶಂಕುಕೋಶಗಳು ಸುಮಾರು 45ರಿಂದ 60 ಲಕ್ಷ. ಇವು ಹಿಡಿದ ಸುದ್ದಿಯನ್ನು ಮಧ್ಯದ ಪದರದ ನರಕೋಶಗಳು ಪರಿಷ್ಕರಿಸುತ್ತವೆ. ಕೊನೆಯ ಪದರದಲ್ಲಿರುವ ಹತ್ತು ಲಕ್ಷದಷ್ಟು ಗ್ಯಾಂಗ್ಲಿಯಾನ್ ಕೋಶಗಳು ಅದನ್ನು ಮಿದುಳಿಗೆ ಸಾಗಿಸುತ್ತವೆ.

ಇಷ್ಟೆಲ್ಲ ಬಗೆಯ ಕೋಶಗಳು ಎಲ್ಲಿಂದ ಬಂದವು? 1987ರಲ್ಲಿ ಅಮೆರಿಕದ ವಿಜ್ಞಾನಿ ಕಾನ್‌ಸ್ಟನ್ಸ್ ಸೆಪ್ಕೊ ಮತ್ತು ಅವರ ಸಹೋದ್ಯೋಗಿ ಡೇವಿಡ್ ಟರ್ನರ್ ಇಲಿಯ ಅಕ್ಷಿಪಟಲದಲ್ಲಿ ಒಂದು ಜಾಣ ಪ್ರಯೋಗ ನಡೆಸಿದರು. ಇನ್ನೂ ವಿಭಜನೆಯಾಗುತ್ತಿದ್ದ ಎಳೆಯ ಕೋಶಗಳಿಗೆ, ರೋಗ ತರದ ಒಂದು ವೈರಸ್ಸಿನ ಮೂಲಕ, ಬ್ಯಾಕ್ಟೀರಿಯಾದ ಒಂದು ಕಿಣ್ವದ ಜೀನನ್ನು ಸೇರಿಸಿದರು. ಆ ಕಿಣ್ವವಿರುವ ಕೋಶಕ್ಕೆ ತಕ್ಕ ರಾಸಾಯನಿಕ ಹಾಕಿದರೆ ಅದು ನೀಲಿಯಾಗುತ್ತದೆ. ಹೀಗೆ ಗುರುತು ಹಚ್ಚಿದ ಒಂದು ಕೋಶದ ಮಕ್ಕಳು, ಮೊಮ್ಮಕ್ಕಳೆಲ್ಲ ನೀಲಿಯಾಗಿ ಕಾಣಿಸಿಕೊಂಡವು. ನೋಡಿದರೆ ಒಂದೇ ಮೂಲಕೋಶದ ಸಂತಾನದಲ್ಲಿ ದಂಡಕೋಶವೂ ಇತ್ತು, ಬೇರೆ ನರಕೋಶಗಳೂ ಇದ್ದವು, ಅವುಗಳಿಗೆ ಆಧಾರ ಕೊಡುವ ಕೋಶವೂ ಇತ್ತು.

ಅಂದರೆ ಅಕ್ಷಿಪಟಲದ ಕೋಶಗಳು ಒಂದೇ ತಾಯಿಯ ಮಕ್ಕಳು. ಎಲ್ಲರ ಬಳಿಯೂ ಇರುವುದು ಒಂದೇ ಜೀನುಗಳ ಗ್ರಂಥ. ಯಾರು ಯಾವ ಪುಟ ಓದಬೇಕು ಎಂಬುದಷ್ಟೇ ಬೇರೆ. ಪುಟ ತೆರೆಯುವ ಸೂಚನೆಗಳಲ್ಲಿ ಕೆಲವು ಕೋಶದೊಳಗಿನಿಂದಲೇ ಬರುತ್ತವೆ, ಕೆಲವು ಹೊರಗಿನಿಂದ ಬರುತ್ತವೆ. ಹೊರಗಿನ ಸೂಚನೆಗಳ ಅಳತೆ ಹಿಡಿಯುವುದರಲ್ಲಿ ಕಿಣ್ವಗಳ ಪಾತ್ರ ದೊಡ್ಡದು.

ಕಿಣ್ವ ಮಾಡುವ ಕೆಲಸ

ಒಂದು ಹಿಡಿ ಅವಲಕ್ಕಿಯನ್ನು ನುಂಗದೆ ಬಾಯಲ್ಲೇ ಚೆನ್ನಾಗಿ ಅಗಿಯುತ್ತ ಬನ್ನಿ. ಸ್ವಲ್ಪ ಹೊತ್ತಿಗೆ ಅದು ಸಿಹಿಯೆನಿಸುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸಿದ್ದರ ಫಲ ಅದು. ಹೆಚ್ಚಿನ ಕಿಣ್ವಗಳು ಪ್ರೋಟೀನುಗಳು. ಅವು ರಾಸಾಯನಿಕ ಕ್ರಿಯೆಯನ್ನು ಬಹಳ ವೇಗಗೊಳಿಸುತ್ತವೆ, ಆದರೆ ತಾವು ಖರ್ಚಾಗುವುದಿಲ್ಲ. ಒಂದೊಂದು ಕಿಣ್ವಕ್ಕೂ ತನ್ನದೇ ನಿರ್ದಿಷ್ಟ ಕೆಲಸ.

ಜೀರ್ಣಕ್ರಿಯೆಯ ಪಾಠದಲ್ಲಿ ಭೇಟಿಯಾದ ಈ ಕಿಣ್ವಗಳಿಗೂ ಕಣ್ಣು ಕಟ್ಟುವ ಕೆಲಸಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇಷ್ಟೇ: ಒಂದು ವಸ್ತುವನ್ನು ಇನ್ನೊಂದಾಗಿ ಬದಲಿಸುವವರ ಕೈಯಲ್ಲೇ ಆ ವಸ್ತು ಎಲ್ಲಿ, ಯಾವಾಗ, ಎಷ್ಟು ಇರಬೇಕೆಂಬ ಹಿಡಿತವೂ ಇರುತ್ತದೆ. ಇದನ್ನು ಅರಿಯಲು ಮೊದಲು ಅಮೆರಿಕದ ಟೆಕ್ಸಾಸಿನ ಒಂದು ಹಂದಿ ಸಾಕಣೆ ಕೇಂದ್ರಕ್ಕೆ ಹೋಗಬೇಕು.

ಕಣ್ಣಿಲ್ಲದೆ ಹುಟ್ಟಿದ ಮರಿಗಳು

1933ರಲ್ಲಿ ಫ್ರೆಡ್ ಹೇಲ್ ಎಂಬ ಸಂಶೋಧಕ ಒಂದು ಹೆಣ್ಣು ಹಂದಿಯ ಕಥೆಯನ್ನು ಪ್ರಕಟಿಸಿದ. ಗರ್ಭ ಧರಿಸುವ ಮೊದಲೂ, ಗರ್ಭದ ಆರಂಭದ ದಿನಗಳಲ್ಲೂ ಅದಕ್ಕೆ ವಿಟಮಿನ್ ಎ ಇಲ್ಲದ ಆಹಾರ ಕೊಡಲಾಗಿತ್ತು. ಅದು ಹನ್ನೊಂದು ಮರಿ ಹಾಕಿತು. ಹನ್ನೊಂದಕ್ಕೂ ಕಣ್ಣುಗುಡ್ಡೆಗಳೇ ಇರಲಿಲ್ಲ.

ಇದು ರಕ್ತದಲ್ಲೇ ಬಂದ ದೋಷವಿರಬಹುದೇ? ಹೇಲ್ ಅದನ್ನೂ ಪರೀಕ್ಷಿಸಿದ. ಅಂಥ ಕುರುಡು ಹಂದಿಗಳಿಗೆ ಒಳ್ಳೆಯ ಆಹಾರ ಕೊಟ್ಟು ಮರಿ ಮಾಡಿಸಿದಾಗ, ಹುಟ್ಟಿದ ಮರಿಗಳ ಕಣ್ಣು ಸರಿಯಾಗಿಯೇ ಇದ್ದವು. ಜೀನು ಚೆನ್ನಾಗಿದ್ದರೂ ಒಂದು ಚಿಕ್ಕ ವಸ್ತುವಿನ ಕೊರತೆಯಿಂದ ಇಡೀ ಕಣ್ಣು ಕಟ್ಟಿಕೊಳ್ಳದೆ ಹೋಗಬಹುದು ಎಂದು ಇದರಿಂದ ತಿಳಿಯಿತು. ಆದರೆ ವಿಟಮಿನ್ ಎ ಅಲ್ಲಿ ಮಾಡುವುದೇನು ಎಂಬ ಗುಟ್ಟು ಬಿಚ್ಚಿಕೊಳ್ಳಲು ಮುಂದೆ ಐವತ್ತು ವರ್ಷಗಳೇ ಬೇಕಾದವು.

ಕೆರೆ, ತೂಬು ಮತ್ತು ನೀರಗಂಟಿ

ವಿಟಮಿನ್ ಎ, ಅಂದರೆ ರೆಟಿನಾಲ್, ತಾನಾಗಿ ಭ್ರೂಣದ ಕೋಶಕ್ಕೆ ಆಜ್ಞೆ ಕೊಡಲಾರದು. ಅದು ಎರಡು ಮೆಟ್ಟಿಲು ಹತ್ತಬೇಕು. ಮೊದಲ ಮೆಟ್ಟಿಲಲ್ಲಿ ಒಂದು ಕಿಣ್ವ ಅದನ್ನು ರೆಟಿನಾಲ್ಡಿಹೈಡ್ ಆಗಿ ಬದಲಿಸುತ್ತದೆ. ಇಲ್ಲಿಂದ ಹಿಂದಕ್ಕೆ ಬರುವ ದಾರಿಯೂ ಉಂಟು. ಎರಡನೆಯ ಮೆಟ್ಟಿಲಲ್ಲಿ ರೆಟಿನಾಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ರೆಟಿನೋಯಿಕ್ ಆಮ್ಲವಾಗಿ ಮಾಡುತ್ತದೆ. ಇಲ್ಲಿಂದ ಹಿಂದಿರುಗುವ ದಾರಿಯಿಲ್ಲ. ಈ ಆಮ್ಲ ಕೋಶಕೇಂದ್ರದೊಳಗೆ ಹೋಗಿ, ಅಲ್ಲಿರುವ ಒಂದು ಗ್ರಾಹಕ ಪ್ರೋಟೀನನ್ನು ಹಿಡಿದು, ಕೆಲವು ಜೀನುಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಈ ಗ್ರಾಹಕವನ್ನು 1987ರಲ್ಲಿ ಫ್ರಾನ್ಸಿನಲ್ಲಿ ಪಿಯೆರ್ ಶಾಂಬೋನ್ ಅವರ ತಂಡವೂ ಅಮೆರಿಕದಲ್ಲಿ ರೊನಾಲ್ಡ್ ಇವಾನ್ಸ್ ಅವರ ತಂಡವೂ ಪ್ರತ್ಯೇಕವಾಗಿ ಕಂಡುಹಿಡಿದವು. ಕೆಲಸ ಮುಗಿದ ಆಮ್ಲವನ್ನು ಒಡೆದು ಹಾಕಲು ಮೂರನೆಯ ಬಗೆಯ ಕಿಣ್ವಗಳಿವೆ. ಅವುಗಳ ಗುಂಪಿಗೆ ಸಿ.ವೈ.ಪಿ. 26 ಎಂದು ಹೆಸರು.

ನಮ್ಮ ಊರುಗಳ ಕೆರೆಯನ್ನು ನೆನೆಸಿಕೊಳ್ಳಿ. ಕೆರೆಯಲ್ಲಿರುವುದು ಎಲ್ಲರಿಗೂ ಸೇರಿದ ನೀರು. ಯಾರ ಗದ್ದೆಗೆ, ಯಾವ ಹೊತ್ತಿಗೆ, ಎಷ್ಟು ಎಂಬುದು ತೂಬು ತೆಗೆದು ಮುಚ್ಚುವ ನೀರಗಂಟಿಯ ಕೆಲಸ. ತಾಯಿಯ ರಕ್ತದಿಂದ ಬರುವ ರೆಟಿನಾಲ್ ಕೆರೆಯ ನೀರಿನಂತೆ ಭ್ರೂಣದ ಎಲ್ಲ ಭಾಗಕ್ಕೂ ತಲುಪಬಹುದು. ಎರಡನೆಯ ಮೆಟ್ಟಿಲ ಕಿಣ್ವ ಎಲ್ಲಿದೆಯೋ ಅಲ್ಲಿ ಮಾತ್ರ ಆಮ್ಲ ಹುಟ್ಟುತ್ತದೆ, ಅಲ್ಲಿಂದ ಅಕ್ಕಪಕ್ಕದ ಕೋಶಗಳಿಗೆ ಹರಡುತ್ತದೆ. ಸಿ.ವೈ.ಪಿ. 26 ಎಲ್ಲಿದೆಯೋ ಅಲ್ಲಿ ಅದು ಇಲ್ಲವಾಗುತ್ತದೆ. ಇಬ್ಬರು ನೀರಗಂಟಿಗಳು, ಒಬ್ಬ ಬಿಡುವವನು, ಇನ್ನೊಬ್ಬ ಕಟ್ಟುವವನು. ಗದ್ದೆಯ ಗಡಿ ಮೂಡುವುದು ಇವರಿಬ್ಬರ ನಡುವೆ.

ಮನುಷ್ಯನ ಭ್ರೂಣದಲ್ಲಿ ನಾಲ್ಕನೆಯ ವಾರದ ಹೊತ್ತಿಗೆ, ಮುಂದೆ ಮಿದುಳಾಗುವ ಭಾಗದಿಂದ ಎರಡು ಗುಳ್ಳೆಗಳು ಪಕ್ಕಕ್ಕೆ ಉಬ್ಬುತ್ತವೆ. ಐದನೆಯ ವಾರದಲ್ಲಿ ಅವು ಒಳಕ್ಕೆ ಮಡಿಚಿ ಬಟ್ಟಲಿನಂತಾಗುತ್ತವೆ. ಬಟ್ಟಲಿನ ಒಳಪದರವೇ ಮುಂದೆ ಅಕ್ಷಿಪಟಲ. ಇಲಿಗಳಲ್ಲಿ ಆಮ್ಲ ತಯಾರಿಸುವ ಒಂದು ಕಿಣ್ವದ ಜೀನನ್ನು ಅಳಿಸಿದಾಗ ಆ ಗುಳ್ಳೆ ಬಟ್ಟಲಾಗಲಿಲ್ಲ. ಹೇಲ್ ಕಂಡ ಮರಿಗಳಲ್ಲಿ ಕೆರೆಯೇ ಬತ್ತಿತ್ತು. ಈ ಇಲಿಗಳಲ್ಲಿ ಕೆರೆ ತುಂಬಿದ್ದರೂ ತೂಬು ತೆಗೆಯುವವನಿರಲಿಲ್ಲ.

1990ರ ದಶಕದಲ್ಲಿ ಉರ್ಸುಲಾ ಡ್ರೇಗರ್ ಮತ್ತು ಪೀಟರ್ ಮೆಕ್ಯಾಫ್ರಿ ಇಲಿಯ ಭ್ರೂಣದ ಅಕ್ಷಿಪಟಲವನ್ನು ಪರೀಕ್ಷಿಸಿ ಇನ್ನೊಂದು ವಿಷಯ ಕಂಡರು. ಅದರ ಮೇಲರ್ಧದಲ್ಲಿ ಆಮ್ಲ ತಯಾರಿಸುವ ಒಂದು ಕಿಣ್ವ, ಕೆಳಗಿನ ಅರ್ಧದಲ್ಲಿ ಅದೇ ಕೆಲಸದ ಇನ್ನೊಂದು ಕಿಣ್ವ, ಇವೆರಡರ ನಡುವೆ ಆಮ್ಲವನ್ನು ಒಡೆಯುವ ಕಿಣ್ವದ ಅಡ್ಡಪಟ್ಟಿ. ಹೊರಗಿನಿಂದ ಒಂದೇ ಸಮ ಕಾಣುವ ಪೊರೆಯೊಳಗೆ ಕಿಣ್ವಗಳು ಆಗಲೇ ಹದ್ದುಗಳನ್ನು ಹಾಕಿದ್ದವು.

ನೀವು ಓದುತ್ತಿರುವ ಬಿಂದು

ಈಗ ಒಂದು ಸಣ್ಣ ಪರೀಕ್ಷೆ. ಈ ಸಾಲಿನ ಮಧ್ಯದ ಒಂದು ಪದದ ಮೇಲೆ ದೃಷ್ಟಿ ನೆಟ್ಟು, ಕಣ್ಣು ಅಲುಗಿಸದೆ, ಅದರಿಂದ ನಾಲ್ಕೈದು ಪದ ಆಚೆ ಇರುವುದನ್ನು ಓದಲು ನೋಡಿ. ಆಗುವುದಿಲ್ಲ ಅಲ್ಲವೇ? ಪುಟವೆಲ್ಲ ಕಾಣುತ್ತಿದ್ದರೂ ಓದಲು ಬರುವುದು ಅಕ್ಷಿಪಟಲದ ಒಂದು ಪುಟ್ಟ ಜಾಗಕ್ಕೆ ಮಾತ್ರ. ನಿಮ್ಮ ಪಠ್ಯಪುಸ್ತಕದ ಹಳದಿ ಚುಕ್ಕೆಯ ನಟ್ಟನಡುವಿನ ಕುಳಿ ಅದು. ಅಲ್ಲಿ ಶಂಕುಕೋಶಗಳು ಒತ್ತೊತ್ತಾಗಿ ಸೇರಿವೆ, ದಂಡಕೋಶಗಳು ಇಲ್ಲ.

ಕೋಳಿಯ ಕಣ್ಣಿನಲ್ಲೂ ಇಂಥ ತೀಕ್ಷ್ಣದೃಷ್ಟಿಯ, ದಂಡಕೋಶವಿಲ್ಲದ ಜಾಗವೊಂದಿದೆ. ಅದು ಹೇಗೆ ಮೂಡುತ್ತದೆಂದು 2017ರಲ್ಲಿ ಸುಸಾನಾ ಡ ಸಿಲ್ವಾ ಮತ್ತು ಆಗಲೇ ಹೇಳಿದ ಸೆಪ್ಕೊ ವರದಿ ಮಾಡಿದರು. ಕೋಳಿಯ ಭ್ರೂಣದಲ್ಲಿ ಆ ಜಾಗದಲ್ಲೇ ಸಿ.ವೈ.ಪಿ. 26 ಗುಂಪಿನ ಕಿಣ್ವಗಳು ಇದ್ದು ರೆಟಿನೋಯಿಕ್ ಆಮ್ಲವನ್ನು ಅಳಿಸಿಹಾಕುತ್ತವೆ. ಆಮ್ಲ ಇಲ್ಲವಾದ್ದರಿಂದ ಅಲ್ಲಿ ಬೇರೊಂದು ಬೆಳವಣಿಗೆಯ ಸೂಚನೆ ತಲೆಯೆತ್ತುತ್ತದೆ, ಜಾಗ ತನ್ನ ರೂಪ ಪಡೆಯುತ್ತದೆ. ಪ್ರಯೋಗದಲ್ಲಿ ಅಲ್ಲಿಗೆ ಆಮ್ಲವನ್ನು ಹೊರಗಿನಿಂದ ಸೇರಿಸಿದಾಗ ಈ ವಿನ್ಯಾಸ ಕೆಟ್ಟಿತು. ಬೆಳೆಯುತ್ತಿರುವ ಮನುಷ್ಯನ ಅಕ್ಷಿಪಟಲದಲ್ಲೂ ಇದೇ ಜಾಗದಲ್ಲಿ ಈ ಕಿಣ್ವದ ಜೀನು ಚುರುಕಾಗಿರುವುದು ಕಂಡುಬಂದಿದೆ.

ಇಲ್ಲಿ ತುಸು ನಿಂತು ಯೋಚಿಸಿ. ಯಾವ ಆಮ್ಲವಿಲ್ಲದೆ ಕಣ್ಣೇ ಆಗದೋ, ಅದೇ ಆಮ್ಲವನ್ನು ಒಂದು ಜಾಗದಿಂದ ತೆಗೆದರೆ ಮಾತ್ರ ಕಣ್ಣಿನ ಅತ್ಯಂತ ಹರಿತವಾದ ಬಿಂದು ಆಗುತ್ತದೆ. ಕಟ್ಟುವಷ್ಟೇ ಕೆಡಹುವುದೂ ನಿರ್ಮಾಣದ ಭಾಗ.

ಮೂರು ಬಣ್ಣದ ಕೋಶಗಳು

ಟಿ.ವಿ. ತೆರೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತವೆ. ನಾವು ತೋರಿಸುವ ಎಲ್ಲ ಬಣ್ಣಗಳೂ ಈ ಮೂರರ ಬೆರಕೆ. ಮೂರೇ ಸಾಕಾಗುವುದಕ್ಕೆ ಕಾರಣ ನಿಮ್ಮ ಕಣ್ಣಿನಲ್ಲೇ ಇದೆ: ಅಲ್ಲಿರುವ ಶಂಕುಕೋಶಗಳೂ ಮೂರು ಬಗೆ. ಭ್ರೂಣದಲ್ಲಿ ಮೊದಲು ಬರುವುದು ನೀಲಿಯವು, ಕೆಂಪು ಮತ್ತು ಹಸಿರಿನವು ಆಮೇಲೆ.

ಈ ಹಿಂದುಮುಂದು ಹೇಗೆ ತೀರ್ಮಾನವಾಗುತ್ತದೆ? 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕಿಯಾರಾ ಎಲ್ಡ್ರೆಡ್, ರಾಬರ್ಟ್ ಜಾನ್‌ಸ್ಟನ್ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕೊಟ್ಟರು. ಅವರು ಮನುಷ್ಯನ ಆಕರಕೋಶಗಳಿಂದ ಪ್ರಯೋಗಾಲಯದ ತಟ್ಟೆಯಲ್ಲಿ ಅಕ್ಷಿಪಟಲದ ಪುಟ್ಟ ಮಾದರಿಗಳನ್ನು ತಿಂಗಳುಗಟ್ಟಲೆ ಬೆಳೆಸಿದರು. ಅಲ್ಲಿ ಕೆಲಸ ಮಾಡುತ್ತಿದ್ದ ಸೂಚನೆ ಥೈರಾಯಿಡ್ ಹಾರ್ಮೋನು. ಗ್ರಂಥಿಯಿಂದ ಹೆಚ್ಚಾಗಿ ಹೊರಬರುವ ಹಾರ್ಮೋನಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿರುತ್ತವೆ. ಅದರಿಂದ ಒಂದನ್ನು ತೆಗೆದರೆ ಅದು ಚುರುಕಾಗುತ್ತದೆ. ಬೇರೆ ಜಾಗದಿಂದ ತೆಗೆದರೆ ನಿಷ್ಕ್ರಿಯವಾಗುತ್ತದೆ. ತೆಗೆಯುವವು ಡಿಅಯೋಡಿನೇಸ್ ಎಂಬ ಕಿಣ್ವಗಳು. ಎರಡನೆಯ ಬಗೆಯದು ಹಾರ್ಮೋನನ್ನು ಚುರುಕುಗೊಳಿಸುತ್ತದೆ, ಮೂರನೆಯ ಬಗೆಯದು ಅದನ್ನು ತಣ್ಣಗಾಗಿಸುತ್ತದೆ.

ಎಳೆಯ ಅಕ್ಷಿಪಟಲದಲ್ಲಿ ತಣ್ಣಗಾಗಿಸುವ ಕಿಣ್ವ ಹೆಚ್ಚು. ಹಾರ್ಮೋನಿನ ಪ್ರಭಾವ ಕಡಿಮೆ ಇರುವ ಆ ಹೊತ್ತಿನಲ್ಲಿ ನೀಲಿ ಶಂಕುಗಳು ಹುಟ್ಟುತ್ತವೆ. ಮುಂದೆ ಚುರುಕುಗೊಳಿಸುವ ಕಿಣ್ವದ ಕೈ ಮೇಲಾಗುತ್ತದೆ, ಕೆಂಪು-ಹಸಿರು ಶಂಕುಗಳು ಬರುತ್ತವೆ. ಸಂಶೋಧಕರು ಮೊದಲೇ ಚುರುಕು ಹಾರ್ಮೋನನ್ನು ಸೇರಿಸಿದಾಗ ಹೆಚ್ಚುಕಡಿಮೆ ಎಲ್ಲವೂ ಕೆಂಪು-ಹಸಿರು ಬಗೆಯವಾದವು. ಹಾರ್ಮೋನಿನ ಗ್ರಾಹಕವನ್ನೇ ಅಳಿಸಿದಾಗ ನೀಲಿಯವೇ ಉಳಿದವು. ಅಲ್ಲಿ ಜಾಗದ ಅಳತೆ ಹಿಡಿದ ಕಿಣ್ವಗಳು ಇಲ್ಲಿ ಕಾಲದ ಅಳತೆ ಹಿಡಿದಿವೆ.

ಒಂದು ಮಾತು ಸ್ಪಷ್ಟವಿರಲಿ. ಗಂಡಸರಲ್ಲಿ ಸಾಮಾನ್ಯವಾಗಿ ಕಾಣುವ ಕೆಂಪು-ಹಸಿರು ಬಣ್ಣಗುರುಡಿಗೆ ಕಾರಣ ಈ ಕಿಣ್ವಗಳಲ್ಲ. ಅದು ಎಕ್ಸ್ ವರ್ಣತಂತುವಿನ ಮೇಲಿರುವ, ಶಂಕುಕೋಶದ ವರ್ಣಕಕ್ಕೆ ಸಂಬಂಧಿಸಿದ ಜೀನುಗಳ ದೋಷ.

ಕಟ್ಟಿದ ಮನೆಯ ಕಾಪು

ಕೋಶ ಹುಟ್ಟಿದರೆ ಸಾಲದು, ಬಾಳಬೇಕು. ದಂಡಕೋಶದಲ್ಲಿ ಬೆಳಕನ್ನು ಹಿಡಿಯುವುದು ಆಗ ಹೇಳಿದ ರೆಟಿನಾಲ್ಡಿಹೈಡೇ. ಬೆಳಕು ಬಿದ್ದೊಡನೆ ಅದರ ಬಾಗಿದ ಅಣು ನೆಟ್ಟಗಾಗುತ್ತದೆ. ಇನ್ನೊಮ್ಮೆ ಬೆಳಕು ಹಿಡಿಯಬೇಕಾದರೆ ಮತ್ತೆ ಬಾಗಬೇಕು. ಅಕ್ಷಿಪಟಲದ ಹಿಂದಿರುವ ವರ್ಣಕ ಪದರದಲ್ಲಿ ಆರ್.ಪಿ.ಇ. 65 ಎಂಬ ಕಿಣ್ವ ಆ ಕೆಲಸ ಮಾಡುತ್ತದೆ. ಇದರ ಎರಡೂ ಪ್ರತಿಗಳಲ್ಲಿ ದೋಷವಿರುವ ಮಕ್ಕಳಿಗೆ ಎಳವೆಯಿಂದಲೇ ದೃಷ್ಟಿ ಬಹಳ ಮಂದ, ಸಂಜೆಯಾದರೆ ಇನ್ನೂ ಕಷ್ಟ. ವರ್ಷ ಕಳೆದಂತೆ ಬೆಳಕು ಹಿಡಿಯುವ ಕೋಶಗಳೇ ನಶಿಸುತ್ತವೆ.

ಈ ಕಿಣ್ವದ ಸರಿಯಾದ ಜೀನನ್ನು ಅಕ್ಷಿಪಟಲದ ಅಡಿಗೆ ಚುಚ್ಚುಮದ್ದಾಗಿ ಕೊಡುವ ಚಿಕಿತ್ಸೆಗೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ಆಡಳಿತ ಒಪ್ಪಿಗೆ ನೀಡಿತು. ಚಿಕಿತ್ಸೆ ಫಲಿಸಬೇಕಾದರೆ ಜೀವಂತ ಕೋಶಗಳು ಇನ್ನೂ ಉಳಿದಿರಬೇಕು. ಆದ್ದರಿಂದ ಮಗುವಿನ ದೃಷ್ಟಿದೋಷವನ್ನು ಬೇಗ ಗುರುತಿಸುವುದು ಮುಖ್ಯ.

ನಮ್ಮ ಮನೆಯ ಮಾತು

ಇದೆಲ್ಲ ದೂರದ ಪ್ರಯೋಗಾಲಯದ ಸುದ್ದಿಯೆಂದು ಪುಟ ಮಡಿಸಬೇಡಿ. ಮೂರು ವಿಷಯಗಳು ನಮ್ಮ ಮನೆಬಾಗಿಲಿಗೇ ಬರುತ್ತವೆ.

ಮೊದಲನೆಯದು ಊಟ. ನುಗ್ಗೆಸೊಪ್ಪು, ಹರಿವೆ, ಗಜ್ಜರಿ, ಪರಂಗಿ, ಮಾವಿನಹಣ್ಣುಗಳಲ್ಲಿರುವ ಬೀಟಾ ಕೆರೋಟಿನನ್ನು ನಮ್ಮ ಕರುಳಿನ ಒಂದು ಕಿಣ್ವ ಸರಿಯಾಗಿ ನಡುವೆ ಕತ್ತರಿಸಿ ವಿಟಮಿನ್ ಎ ದಾರಿಗೆ ತರುತ್ತದೆ. ಅದು ಮೈಗೆ ಹತ್ತಲು ಊಟದಲ್ಲಿ ಸ್ವಲ್ಪ ಎಣ್ಣೆಯೋ ತುಪ್ಪವೋ ಇರಬೇಕು. ಒಗ್ಗರಣೆ ಹಾಕಿದ ಸೊಪ್ಪಿನ ಪಲ್ಯ ಬರೀ ರುಚಿಗಲ್ಲ. ಅಂಗನವಾಡಿ ಮತ್ತು ಆರೋಗ್ಯ ಕೇಂದ್ರಗಳಲ್ಲಿ ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಿಟಮಿನ್ ಎ ದ್ರಾವಣ ಕುಡಿಸುವುದನ್ನು ನೀವು ನೋಡಿರಬಹುದು. ಅದು ಕೊರತೆಯಿಂದ ಬರುವ ಇರುಳುಗುರುಡು ಮತ್ತು ಕುರುಡನ್ನು ತಡೆಯಲೆಂದು.

ಎರಡನೆಯದು ಅದರ ಇನ್ನೊಂದು ಮುಖ. ತೀವ್ರವಾದ ಮೊಡವೆಗೆ ವೈದ್ಯರು ಐಸೊಟ್ರೆಟಿನಾಯಿನ್ ಎಂಬ ಗುಳಿಗೆ ಬರೆಯುತ್ತಾರೆ. ಅದು ರೆಟಿನೋಯಿಕ್ ಆಮ್ಲದ್ದೇ ಒಂದು ರೂಪ. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕ ಬಳಿಕ, ಗರ್ಭಿಣಿಯರು ಅದನ್ನು ಸೇವಿಸಿದಾಗ ಮಗುವಿನ ಕಿವಿ, ಮುಖ, ಹೃದಯ, ಮಿದುಳಿನಲ್ಲಿ ಗಂಭೀರ ದೋಷಗಳಾಗುವ ವರದಿಗಳು ಬಂದವು. ಕಾರಣ ಈಗ ನಿಮಗೇ ಹೊಳೆದಿರಬಹುದು. ತೂಬು, ನೀರಗಂಟಿ ಯಾವುದನ್ನೂ ಲೆಕ್ಕಿಸದೆ ನೀರು ಎಲ್ಲ ಗದ್ದೆಗೂ ನುಗ್ಗಿದಂತೆ, ಕಿಣ್ವಗಳ ಅಳತೆಯನ್ನು ದಾಟಿ ಆಮ್ಲ ನೇರವಾಗಿ ಭ್ರೂಣವನ್ನು ತಲುಪುತ್ತದೆ. ಗೆಳೆಯರು ಹೇಳಿದರೆಂದು, ಅಂಗಡಿಯಲ್ಲಿ ಕೊಟ್ಟರೆಂದು ಈ ಗುಳಿಗೆಯನ್ನು ಎಂದೂ ನುಂಗಬೇಡಿ. ಗರ್ಭಿಣಿಯರು ವಿಟಮಿನ್ ಎ ಗುಳಿಗೆಗಳನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಮೂರನೆಯದು ಸ್ವಲ್ಪ ನೋವಿನ ಮಾತು. ಅಕ್ಷಿಪಟಲದ ಕೆಳಗಿನ ಅರ್ಧದಲ್ಲಿ ಆಮ್ಲ ತಯಾರಿಸುವ ಕಿಣ್ವಕ್ಕೆ ಎ.ಎಲ್.ಡಿ.ಎಚ್. 1ಎ3 ಎಂದು ಹೆಸರು. ಇದರ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಗು ತೀರಾ ಚಿಕ್ಕ ಕಣ್ಣುಗಳೊಡನೆ ಅಥವಾ ಕಣ್ಣೇ ಇಲ್ಲದೆ ಹುಟ್ಟಬಹುದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಅಂಥ ದೋಷಕ್ಕೆ ಬೇರೆ ಜೀನುಗಳೂ, ಗರ್ಭದಲ್ಲಿ ತಗಲುವ ರುಬೆಲ್ಲಾದಂಥ ಸೋಂಕೂ ಕಾರಣವಾಗಬಹುದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ತಂದೆಗೂ ತಾಯಿಗೂ ಏನೂ ತೊಂದರೆ ಇರುವುದಿಲ್ಲ. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟವೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತಸಂಬಂಧದಲ್ಲಿ ಮದುವೆಯಾದವರಲ್ಲಿ ಇಬ್ಬರೂ ಒಂದೇ ದೋಷವನ್ನು ಹೊತ್ತಿರುವ ಸಂಭವ ಹೆಚ್ಚು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ಮನೆತನದಲ್ಲಿ ಹುಟ್ಟುಗುರುಡು ಇದ್ದರೆ ಅಂಥ ಮದುವೆಗೆ ಮೊದಲು ವಂಶವಾಹಿ ತಜ್ಞರ ಸಲಹೆ ಪಡೆಯುವುದು ವಿವೇಕ.

ಆದರೆ ನಮ್ಮಲ್ಲಿ ನಡೆಯುವುದೇನು? ಇಂಥ ಮಗು ಹುಟ್ಟಿದರೆ, 'ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು' ಎಂದು ಬಾಣಂತಿಯ ಕಡೆ ಬೆರಳು ತೋರಿಸುವವರಿದ್ದಾರೆ. ಗ್ರಹಣದ ನೆರಳಿಗೂ ಕಣ್ಣಿನ ಕಿಣ್ವಕ್ಕೂ ಸಂಬಂಧವಿಲ್ಲ. ಜೀನಿನ ದೋಷ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದದ್ದು. ಇಬ್ಬರಿಗೂ ಅದು ತಿಳಿದಿರಲಿಲ್ಲ, ಇಬ್ಬರ ತಪ್ಪೂ ಅಲ್ಲ. ಭ್ರೂಣದಲ್ಲಿ ಕಣ್ಣಿನ ಬಟ್ಟಲು ಮೂಡುವ ಐದನೆಯ ವಾರದಲ್ಲಿ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯೆಂಬುದೇ ಖಚಿತವಾಗಿರುವುದಿಲ್ಲ.

ವಿಜ್ಞಾನ ಓದಿದವರು ಮನೆಯಲ್ಲಿ ಹೇಳಬಹುದಾದ ಮಾತು ಇದು. ನಿಮ್ಮ ಓಣಿಯಲ್ಲಿ, ನೆಂಟರಲ್ಲಿ ಯಾರಾದರೂ ಇಂಥ ಮಗುವನ್ನು ಎತ್ತಿಕೊಂಡು ತಲೆತಗ್ಗಿಸಿ ನಿಂತಿದ್ದರೆ, ಹತ್ತಿರ ಹೋಗಿ, ಅರ್ಥವಾಗುವ ಕನ್ನಡದಲ್ಲಿ ಅಷ್ಟನ್ನು ಹೇಳಿ. ಮಗುವನ್ನು ತಡಮಾಡದೆ ಕಣ್ಣಿನ ತಜ್ಞರಲ್ಲಿಗೆ ಕರೆದುಕೊಂಡು ಹೋಗಲೂ ಹೇಳಿ.